ನೋಡ್-ರೆಡ್‌ಗೆ ಪಾಸ್‌ವರ್ಡ್ ಇಡುವುದು ಹೇಗೆ?

ಪ್ರಶ್ನೆ: ತೋಟದ ಪಂಪ್ ನಡೆಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನೋಡ್-ರೆಡ್ (‘ನೋಡ್’ ಎಂಬ ಚೌಕಗಳನ್ನು ಜೋಡಿಸಿ ಸಾಧನಗಳನ್ನು ನಡೆಸುವ ತಂತ್ರಾಂಶ) ಹಾಕಿದ್ದೇನೆ. ವೈಫೈ ಸಿಕ್ಕವರೆಲ್ಲ 1880ನೇ ಪೋರ್ಟ್ ತೆರೆದು ಫ್ಲೋ (ಆ ನೋಡ್‌ಗಳ ಜೋಡಣೆ) ಬದಲಿಸಬಹುದು. ತಡೆಯುವುದು ಹೇಗೆ?

ಉತ್ತರ: ಹೋಮ್ ಫೋಲ್ಡರಿನ ‘.ನೋಡ್-ರೆಡ್’ ಒಳಗೆ ‘ಸೆಟ್ಟಿಂಗ್ಸ್.ಜೆಎಸ್’ ಎಂಬ ಫೈಲ್ ಇದೆ. ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಆ ಫೋಲ್ಡರ್ ಮಾಮೂಲಿಯಾಗಿ ಕಾಣಿಸದು. ಫೈಲಿನ ಒಂದು ಪ್ರತಿ ತೆಗೆದಿಟ್ಟೇ ಮುಂದುವರಿಯಿರಿ.

ಟರ್ಮಿನಲ್‌ನಲ್ಲಿ ‘ನೋಡ್-ರೆಡ್ ಅಡ್ಮಿನ್ ಹ್ಯಾಶ್-ಪಿಡಬ್ಲ್ಯೂ’ ಕಮಾಂಡ್ ಕೊಟ್ಟು ಪಾಸ್‌ವರ್ಡ್ ಟೈಪಿಸಿದರೆ ಉದ್ದನೆಯ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕಹಾಕಿದ ಅಕ್ಷರಸಾಲು) ಬರುತ್ತದೆ. ಫೈಲಿನಲ್ಲಿ ‘ಅಡ್ಮಿನ್‌ಆತ್’ ಭಾಗದ ಸಾಲುಗಳ ಮುಂದಿರುವ ಎರಡು ಓರೆಗೆರೆ ಅಳಿಸಿ, ಪಾಸ್‌ವರ್ಡ್ ಜಾಗದಲ್ಲಿ ಹ್ಯಾಶನ್ನೇ ಅಂಟಿಸಿ. ಪಾಸ್‌ವರ್ಡನ್ನೇ ಬರೆದರೆ ಲಾಗಿನ್ ಆಗದು. ಬಳಿಕ ‘ನೋಡ್-ರೆಡ್-ರೀಸ್ಟಾರ್ಟ್’ ಕೊಡಿ; ಫ್ಲೋ ಬದಲಿಸುವ ಎಡಿಟರಿನಲ್ಲಿ ‘ಡಿಪ್ಲಾಯ್’ ಗುಂಡಿ ಒತ್ತಿದರೆ ಸಾಲದು. ಸರ್ವರ್ ಏಳದಿದ್ದರೆ ‘ನೋಡ್-ರೆಡ್-ಲಾಗ್’ ನೋಡಿ. ಹೆಚ್ಚಿನ ಸಲ ಒಂದು ಕಾಮಾ ಅಥವಾ ಆವರಣ ಚಿಹ್ನೆ ಬಿಟ್ಟುಹೋಗಿರುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ‘ಅಡ್ಮಿನ್‌ಆತ್’ ಕಾಯುವುದು ಎಡಿಟರನ್ನು ಮಾತ್ರ. ‘ಎಚ್‌ಟಿಟಿಪಿ ಇನ್’ (ವೆಬ್ ವಿಳಾಸಕ್ಕೆ ಬಂದ ಕೋರಿಕೆ ಸ್ವೀಕರಿಸುವ) ನೋಡ್‌ನಿಂದ ಪಂಪ್ ಚಾಲೂ ಮಾಡುವ ವಿಳಾಸ ಇಟ್ಟಿದ್ದರೆ ಅದು ಇನ್ನೂ ತೆರೆದೇ ಇದೆ! ಅದಕ್ಕೆ ‘ಎಚ್‌ಟಿಟಿಪಿನೋಡ್‌ಆತ್’ ಅನ್ನು ಬೇರೆಯಾಗಿ ತುಂಬಬೇಕು.

ಅದೇ ಫೈಲಿನಲ್ಲಿ ‘ಕ್ರೆಡೆನ್ಷಿಯಲ್‌ಸೀಕ್ರೆಟ್’ಗೆ ನಿಮ್ಮದೇ ಪದಗುಚ್ಛ ಕೊಟ್ಟು ಬರೆದಿಟ್ಟುಕೊಳ್ಳಿ. ಎಂಕ್ಯೂಟಿಟಿ (ಸಾಧನಗಳ ನಡುವೆ ಸಂದೇಶ ಕಳಿಸುವ ವಿಧಾನ) ಮುಂತಾದ ನೋಡ್‌ಗಳ ಪಾಸ್‌ವರ್ಡ್‌ಗಳು ಗೂಢಲಿಪಿಯಾಗುವುದು ಅದರಿಂದಲೇ. ಎಸ್‌ಡಿ ಕಾರ್ಡ್ ಕೆಟ್ಟು ಫ್ಲೋ ಫೈಲುಗಳನ್ನು ಬೇರೆ ಪೈಗೆ ಹಾಕಿದಾಗ ಈ ಪದಗುಚ್ಛ ಇಲ್ಲದಿದ್ದರೆ ಆ ಪಾಸ್‌ವರ್ಡ್‌ಗಳನ್ನೆಲ್ಲ ಹೊಸದಾಗಿ ತುಂಬಬೇಕಾಗುತ್ತದೆ.

ಹೊರಗಿನಿಂದ ನೋಡಬೇಕೆಂದು ರೂಟರ್‌ನಲ್ಲಿ 1880 ತೆರೆಯಬೇಡಿ, ವಿಪಿಎನ್ (ಹೊರಗಿನಿಂದ ನಿಮ್ಮ ಜಾಲಕ್ಕೆ ಸುರಕ್ಷಿತ ಖಾಸಗಿ ದಾರಿ) ಬಳಸಿ.