ಹೊರಗುತ್ತಿಗೆ ನೌಕರರು ಇಎಸ್‌ಐ ಬಿಟ್ಟು ಖಾಸಗಿ ಆರೋಗ್ಯ ವಿಮೆ ಮಾಡಿಸುವುದು ಒಳ್ಳೆಯದೇ?

ಹಾವೇರಿ ಜಿಲ್ಲೆಯ ಪುರಸಭೆ, ಏಜೆನ್ಸಿ ಮೂಲಕ ಡಾಟಾ ಎಂಟ್ರಿ ಕೆಲಸ, 13,000 ಪಗಾರ. ಅದರಲ್ಲಿ ತಿಂಗಳಿಗೆ 98 ರೂಪಾಯಿ ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) ಹೋಗುತ್ತೆ, ಎರಡು ವರ್ಷದಲ್ಲಿ ಒಂದು ಗುಳಿಗೆಯನ್ನೂ ತಗೊಂಡಿಲ್ಲ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಊರಿನ ಹೆಸರೊಂದು ಬದಲಿಸಿದರೆ ಇದು ನನ್ನದೇ ಜಾತಕ. ನನ್ನದು ಗದಗ ಜಿಲ್ಲೆಯ ಒಂದು ಪುರಸಭೆ, ನೀರು ಸರಬರಾಜು ವಿಭಾಗ, ಅದೇ 13,000.

2022ರ ಜೂನ್ 15ಕ್ಕೆ ಹಳೇ ಏಜೆನ್ಸಿಯ ಟೆಂಡರ್ ಮುಗಿಯಿತು. 16ರಿಂದ ಹೊಸಬರು. ಕುರ್ಚಿ ಅದೇ, ಕೆಲಸ ಅದೇ, ಹಾಜರಿ ಪುಸ್ತಕವೂ ಅದೇ. ಹೊಸ ಏಜೆನ್ಸಿಯ ಹುಡುಗ ಬಂದು ಆಧಾರ್ ಜೆರಾಕ್ಸ್, ಪಾಸ್‌ಬುಕ್ ಜೆರಾಕ್ಸ್, ಎರಡು ಫೋಟೋ ಇಸಕೊಂಡ. ‘ಇಎಸ್‌ಐ ಹಳೇ ನಂಬರ್ ಐತೇನ್ರಿ?’ ಅಂದ. ಕಾರ್ಡು ಮನೆಯಲ್ಲಿತ್ತು. ‘ಹೊಸಾದ ಮಾಡಿಬಿಡ್ರಿ, ಏನಾಗ್ತೈತಿ’ ಅಂದೆ.

ಏನಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ಕಚೇರಿಯಲ್ಲಿ ಯಾರೂ ಹೇಳುವುದಿಲ್ಲ. ಇಎಸ್‌ಐ ಲೆಕ್ಕ ನಡೆಯುವುದು ಹತ್ತು ಅಂಕಿಯ ಐಪಿ ನಂಬರಿನ, ಅಂದರೆ ವಿಮಾದಾರನ ನಂಬರಿನ ಮೇಲೆ. ಅದು ಏಜೆನ್ಸಿಯದ್ದಲ್ಲ, ನಿಮ್ಮದು. ಏಜೆನ್ಸಿ ಹತ್ತು ಬದಲಾದರೂ ನಂಬರ್ ಒಂದೇ ಇರಬೇಕು. ವರ್ಷವನ್ನು ಎರಡು ವಂತಿಗೆ ಅವಧಿಯಾಗಿ ಮಾಡಿದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದ್ದು ಜುಲೈಯಿಂದ ಡಿಸೆಂಬರ್‌ವರೆಗೆ. ರಜೆಯಲ್ಲಿ ಬಿದ್ದಾಗ ಪಗಾರದ ಬದಲು ಸಿಗುವ ಕಾಯಿಲೆ ಭತ್ಯೆಗೆ ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ವಂತಿಗೆ ಬೇಕು.

ನನ್ನ ಹಳೇ ನಂಬರಿನಲ್ಲಿ ಏಪ್ರಿಲ್, ಮೇ ಮತ್ತು ಅರ್ಧ ಜೂನ್ ಸೇರಿ 65 ದಿನ. ಹೊಸದರಲ್ಲಿ ಸೆಪ್ಟೆಂಬರ್‌ವರೆಗೆ 91. ಒಂದೇ ನಂಬರ್ ಆಗಿದ್ದರೆ 156, ಬೇಕಾದ್ದರ ಎರಡು ಪಟ್ಟು. ಈಗ ಹಳೇದು 78 ಮುಟ್ಟಲಿಲ್ಲ. ಹೊಸದು ಮುಟ್ಟಿತ್ತಲ್ಲ ಅಂತೀರಾ? ಹೊಸ ನಂಬರಿನ ಪ್ರಕಾರ ನಾನು ಆವತ್ತೇ ನೌಕರಿಗೆ ಸೇರಿದ ಹೊಸಬ, ಮತ್ತು ಹೊಸಬರಿಗೆ ಮೊದಲ ಲಾಭದ ಅವಧಿ ಶುರುವಾಗುವುದು ಸೇರಿ ಒಂಬತ್ತು ತಿಂಗಳು ತುಂಬಿದ ಮೇಲೆ. ಅಂದರೆ 2023ರ ಮಾರ್ಚ್ ಮಧ್ಯಕ್ಕೆ.

ನಾನು ಬೈಕಿನಿಂದ ಬಿದ್ದದ್ದು ಜನವರಿ 15, ಸಂಕ್ರಾಂತಿ ದಿನ, ಲಕ್ಕುಂಡಿಯಿಂದ ವಾಪಸ್ ಬರುವಾಗ. ಕಾಲಿನ ಎಲುಬು ಮುರಿದು 45 ದಿನ ಮನೆಯಲ್ಲಿ. ಚಿಕಿತ್ಸೆಗೇನೂ ತೊಂದರೆ ಆಗಲಿಲ್ಲ, ಅದು ಸೇರಿದ ಮೊದಲ ದಿನದಿಂದಲೇ ಸಿಗುತ್ತದೆ. ಹೋದದ್ದು ಪಗಾರ. ಕಾಯಿಲೆ ಭತ್ಯೆ ಸಿಕ್ಕಿದ್ದರೆ ದಿನದ ಪಗಾರ 500ರ ಶೇ. 70, ಅಂದರೆ 350 ಬರುತ್ತಿತ್ತು. ಮೊದಲ ಎರಡು ದಿನಕ್ಕೆ ಕೊಡುವುದಿಲ್ಲ, ಉಳಿದ 43 ದಿನಕ್ಕೆ 15,050 ರೂಪಾಯಿ. ಎರಡು ನಂಬರ್ ಕೂಡಿಸಲು ಹೋದರೆ ಹಳೇ ಏಜೆನ್ಸಿಯ ಪತ್ರ ಕೇಳಿದರು. ಅವನು ಫೋನ್ ಎತ್ತಲಿಲ್ಲ. ಅಷ್ಟೊತ್ತಿಗೆ ನನಗೂ ಓಡಾಡಿ ಸಾಕಾಗಿ ಕೈಬಿಟ್ಟೆ. ಅದು ಎರಡನೇ ತಪ್ಪು, ಬಿಡಿ.

ಇನ್ನು ನಿಮ್ಮ ಪ್ರಶ್ನೆ. ಪ್ರಶ್ನೆಯೇ ಸರಿ ಇಲ್ಲ. ಇಎಸ್‌ಐ ಬಿಡುವುದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಏಜೆನ್ಸಿ ಇಎಸ್‌ಐಗೆ ಒಳಪಟ್ಟಿರುವಾಗ, ಪಗಾರ 21,000 ದಾಟದವರಿಗೆ ಅದು ಕಡ್ಡಾಯ. ನಿಮ್ಮಿಂದ ಶೇ. 0.75, ಏಜೆನ್ಸಿಯಿಂದ ಶೇ. 3.25, ಅಂದರೆ ನಿಮ್ಮ 98ರ ಜೊತೆ ಅವರು 423 ಕಟ್ಟಬೇಕು. ‘ಇಎಸ್‌ಐ ಬ್ಯಾಡ ಅಂದ್ರ ಆ ರೊಕ್ಕಾ ಕೈಗೆ ಕೊಡ್ತೀವಿ’ ಅಂತ ಏಜೆನ್ಸಿಯವರು ಹೇಳಿದರೆ ನಂಬಬೇಡಿ, 423 ನಿಮ್ಮ ಕೈಗೆ ಬರುವುದಿಲ್ಲ.

ಆಮೇಲೆ, 98 ರೂಪಾಯಿಗೆ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಎಲ್ಲ ಬರುತ್ತಾರೆ, ಚಿಕಿತ್ಸೆಯ ಖರ್ಚಿಗೆ ಇಷ್ಟೇ ಲಕ್ಷ ಅನ್ನುವ ಮಿತಿ ಇಲ್ಲ. ಇಂಥದ್ದು ಯಾವ ಕಂಪನಿ ಕೊಡುತ್ತೆ ತೋರಿಸಿ. ನನ್ನ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅದೇ ಶಾಲೆಯ ಕಾಯಂ ಶಿಕ್ಷಕರಿಗೆ 2025ರ ಅಕ್ಟೋಬರ್‌ನಿಂದ ರಾಜ್ಯ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಆರೋಗ್ಯ ಸಂಜೀವಿನಿ ಬಂದಿದೆ, ಗ್ರೂಪ್ ಸಿಗೆ ತಿಂಗಳಿಗೆ 350 ಕಟಾವಣೆ. ಇವಳಿಗೆ ಅದಿಲ್ಲ. ಇವಳಿಗಿರುವ ಆಸರೆ ನನ್ನ ಐಪಿ ನಂಬರ್, ಅದೂ ನಾನು ಕುಟುಂಬದ ವಿವರದಲ್ಲಿ ಅವಳ ಹೆಸರು ಸೇರಿಸಿದ್ದಕ್ಕೆ. ನಿಮ್ಮದರಲ್ಲಿ ಸೇರಿಸಿದ್ದೀರಾ ನೋಡಿಕೊಳ್ಳಿ. ಬಹಳ ಜನ ಸೇರಿಸಿರುವುದಿಲ್ಲ.

ಖಾಸಗಿ ಪಾಲಿಸಿ ಮಾಡಿಸಿದರೆ ತಪ್ಪೇನಿಲ್ಲ, ಆದರೆ ಇಎಸ್‌ಐ ಜೊತೆಗೆ, ಅದರ ಬದಲು ಅಲ್ಲ. ಪಗಾರ 21,000 ದಾಟಿದರೆ ಆ ವಂತಿಗೆ ಅವಧಿ ಮುಗಿಯುವವರೆಗೆ ಮಾತ್ರ ಕಟ್ಟಿಸಿಕೊಳ್ಳುತ್ತಾರೆ, ಆಮೇಲೆ ನೀವು ಹೊರಗೆ. ಆಗ ಹೊಸ ಪಾಲಿಸಿ ಹುಡುಕಿದರೆ ಮೊದಲೇ ಇದ್ದ ಶುಗರ್, ಬಿಪಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಮನೆಯಲ್ಲಿ ಆ ಕಾಯಿಲೆಗಳಿದ್ದರೆ ಸಣ್ಣದೊಂದು ಈಗಲೇ ಮಾಡಿಸಿ. ಇಲ್ಲದಿದ್ದರೆ ಅವಸರವಿಲ್ಲ.

ಅವಸರ ಇರುವುದು ಬೇರೆ ಕಡೆ. ಇವತ್ತೇ ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಇಎಸ್‌ಐ ತೆಗೆದು ವಂತಿಗೆಯ ಪಟ್ಟಿ ನೋಡಿ. ಬರೀ ರೊಕ್ಕ ನೋಡಬೇಡಿ, ದಿನಗಳನ್ನು ನೋಡಿ. 26 ದಿನ ದುಡಿಸಿಕೊಂಡು 15 ತೋರಿಸಿದರೆ 78 ತುಂಬುವುದಿಲ್ಲ. ಎರಡು ವರ್ಷದಲ್ಲಿ ಏಜೆನ್ಸಿ ಬದಲಾಗಿದ್ದರೆ, ಈಗಿನ ನಂಬರಿನಲ್ಲಿ ಹಳೇ ತಿಂಗಳುಗಳೂ ಕಾಣುತ್ತವೆಯೇ ನೋಡಿ. ಕಾಣದಿದ್ದರೆ ಆಧಾರ್, ಎರಡೂ ನಂಬರ್, ಎರಡೂ ಕಡೆಯ ಪಗಾರ ಚೀಟಿ ಹಿಡಿದು ಇಎಸ್‌ಐ ಶಾಖಾ ಕಚೇರಿಗೆ ಹೋಗಿ, ಕೂಡಿಸಲು ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಳೇ ಏಜೆನ್ಸಿ ಇನ್ನೂ ಫೋನ್ ಎತ್ತುತ್ತಿರುವಾಗಲೇ ಮಾಡಿ.

ವಂತಿಗೆಯನ್ನೇ ಕಟ್ಟಿರದಿದ್ದರೆ ಏಜೆನ್ಸಿಯವನ ಜೊತೆ ವಾದ ಮಾಡಬೇಡಿ. ಪುರಸಭೆಯ ಮುಖ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಇಎಸ್‌ಐ ನಿಯಮದ ಪ್ರಕಾರ ಗುತ್ತಿಗೆಯವರ ವಂತಿಗೆಗೆ ಮೊದಲ ಹೊಣೆ ಕೆಲಸ ಮಾಡಿಸಿಕೊಳ್ಳುವ ಮೂಲ ಮಾಲೀಕನದು, ಅಂದರೆ ಪುರಸಭೆಯದು. ಅವರು ಕಟ್ಟಿ ಏಜೆನ್ಸಿಯ ಬಿಲ್ಲಿನಲ್ಲಿ ಹಿಡಿದುಕೊಳ್ಳಬಹುದು. ಬಿಲ್ ನಿಂತರೆ ಏಜೆನ್ಸಿಯವನೇ ಓಡಿ ಬರುತ್ತಾನೆ. ಒಂದು ತಿಂಗಳ ವಂತಿಗೆ ಕಟ್ಟಲು ಮುಂದಿನ ತಿಂಗಳ 15ರವರೆಗೆ ಅವಕಾಶವಿದೆ, ಹಾಗಾಗಿ 10ನೇ ತಾರೀಕಿಗೆ ಆ್ಯಪ್ ನೋಡಿ ಜಗಳಕ್ಕೆ ಹೋಗಬೇಡಿ.