‘ಮುಂತಾದವರು’ ಯಾರು?

ಪಾಂಡವಪುರದಿಂದ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಲೆಕ್ಕಕ್ಕೆ ಬಾರದ ಮನುಷ್ಯನನ್ನು ಹೇಳಲು ಇಂಗ್ಲಿಷಿನಲ್ಲಿ ನೋಬಡಿ, ನಾನ್‌ಎಂಟಿಟಿ, ಸೈಫರ್, ಸ್ಮಾಲ್ ಫ್ರೈ ಎಂದು ಸಾಲುಸಾಲು ಪದಗಳಿವೆ. ಹೆಸರಿಲ್ಲದ ಊರಿಗೆ ಪೊಡಂಕ್, ಬೂನ್‌ಡಾಕ್ಸ್ ಎನ್ನುತ್ತಾರೆ. ಹೆಸರು ನೆನಪಾಗದ ಸಾಮಾನಿಗೆ ಥಿಂಗಮಜಿಗ್ ಎನ್ನುತ್ತಾರೆ. ಕನ್ನಡದಲ್ಲಿ ‘ಕ್ಷುಲ್ಲಕ’, ‘ಯಃಕಶ್ಚಿತ್’ ಎಂಬ ಎರಡೇ ಪದಗಳಿದ್ದು ಅವೂ ಸಂಸ್ಕೃತದ ಸಾಲ ಎಂಬುದು ಅವರ ಕೊರಗು. ವಿದ್ವಾಂಸರಿಂದ ಒಂದು ಪದಪಟ್ಟಿಯನ್ನು ಮಾಡಿಸಿ ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಅವರು ಕೇಳಿದ್ದಾರೆ.

ಮಾನ್ಯರೇ, ಇಂಗ್ಲಿಷಿನ ಈ ಸಂಪತ್ತನ್ನು ನಾನು ಅಲ್ಲಗಳೆಯುವುದಿಲ್ಲ. ನೋಬಡಿ ಎಂದರೆ ಯಾರೂ ಗುರುತಿಸದವನು. ಸೈಫರ್ ಎಂದರೆ ಕುರ್ಚಿಯಿದ್ದೂ ಅಧಿಕಾರವಿಲ್ಲದವನು. ಸ್ಮಾಲ್ ಫ್ರೈ ಎಂದರೆ ದೊಡ್ಡವರು ನುಣುಚಿಕೊಂಡ ಮೇಲೆ ಬಲೆಯಲ್ಲಿ ಉಳಿಯುವವನು. (ಆ ಫ್ರೈ ಹುರಿದದ್ದಲ್ಲ, ಮೀನಿನ ಮರಿ ಎಂಬುದನ್ನು ತಮ್ಮಂಥ ಅಧ್ಯಾಪಕರಿಗೆ ಹೇಳಬೇಕಾಗಿಲ್ಲ.) ಇಷ್ಟು ಸೂಕ್ಷ್ಮವಾಗಿ ಭೇದವೆಣಿಸುವ ಭಾಷೆಗೆ ಒಂದು ನಮಸ್ಕಾರ ಸಲ್ಲಲಿ.

ಆದರೆ ಆ ಸಂಪತ್ತು ಎಲ್ಲಿಂದ ಬಂತೆಂದು ತಾವು ಕೆದಕಿ ನೋಡಿದಂತಿಲ್ಲ. ಬೂನ್‌ಡಾಕ್ಸ್ ಎಂಬುದು ಫಿಲಿಪ್ಪೀನ್ಸಿನ ತಗಾಲೊಗ್ ಭಾಷೆಯಲ್ಲಿ ಬೆಟ್ಟ ಎಂಬ ಅರ್ಥವುಳ್ಳ ಮಾತು. ಆ ದ್ವೀಪಗಳನ್ನು ಆಕ್ರಮಿಸಿದ ಅಮೆರಿಕದ ಸೈನಿಕರ ಬಾಯಲ್ಲಿ ಅದು ಕೊಂಪೆ ಎಂದಾಯಿತು. ಪೊಡಂಕ್ ಅಮೆರಿಕದ ಮೂಲನಿವಾಸಿಗಳ ನುಡಿಯಿಂದ ಬಂದದ್ದು. ಅಲ್ಲಿನ ಕನೆಕ್ಟಿಕಟ್ ಸೀಮೆಯ ಒಂದು ಜನಾಂಗಕ್ಕೇ ಆ ಹೆಸರಿತ್ತು. ಮಾಲಿ ದೇಶದ ಟಿಂಬಕ್ಟು ಒಂದು ಕಾಲಕ್ಕೆ ಹಸ್ತಪ್ರತಿಗಳಿಗೂ ಪಾಂಡಿತ್ಯಕ್ಕೂ ಹೆಸರಾದ ಪಟ್ಟಣ. ಇಂಗ್ಲಿಷಿನವನಿಗೆ ಅದು ಎಲ್ಲೋ ಇರುವ, ಯಾರಿಗೂ ಬೇಡದ ಊರಿನ ಗುರುತು. ತಮಿಳುನಾಡಿನಲ್ಲಿ ಪರೆ ಎಂಬ ವಾದ್ಯ ಬಾರಿಸುತ್ತಿದ್ದ ಜನರ ಹೆಸರು ಇಂಗ್ಲಿಷಿನಲ್ಲಿ ‘ಪರಾಯ’ ಎಂದಾಗಿ, ಯಾರೂ ಹತ್ತಿರ ಸೇರಿಸದವನು ಎಂಬ ಅರ್ಥಕ್ಕೆ ಇಳಿಯಿತು. ಅಷ್ಟು ಸಾಲದೆಂಬಂತೆ ನಮ್ಮ ಬೀದಿನಾಯಿಗೂ ಅದನ್ನೇ ಅಂಟಿಸಿದರು. ಕನ್ನಡದಲ್ಲಿ ಕೂಲಿ ಎಂದರೆ ಮೊದಲಿಗೆ ದುಡಿದವನ ಕೈಗೆ ಸಲ್ಲುವ ಹಣ. ಇಂಗ್ಲಿಷಿನಲ್ಲಿ ಅದು ಆ ಮನುಷ್ಯನೇ. ತಾವು ಮೆಚ್ಚಿದ ಭಂಡಾರದಲ್ಲಿ ಒಂದು ಪಾಲು ಹೀಗೆ ಕಂಡವರ ಊರು, ಕುಲ, ಬೆಟ್ಟಗಳನ್ನು ದೋಚಿ ತಂದು ಬೈಗುಳ ಮಾಡಿಕೊಂಡದ್ದು. ಜಾತಿಯ ಹೆಸರನ್ನೇ ಬೈಗುಳವಾಗಿಸುವ ಕೊಳಕು ನಮ್ಮಲ್ಲಿಯೂ ಉಂಟು. ಆ ವಿಷಯದಲ್ಲಿ ನಾವೇನೂ ಸಾಚಾಗಳಲ್ಲ.

ಇನ್ನು ಕನ್ನಡಕ್ಕೆ ಬಡತನವೆಂಬ ಮಾತು. ತಾವು ಒಂದು ಸೋಮವಾರ ಮಂಡ್ಯದ ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಅರ್ಧ ಗಂಟೆ ಕುಳಿತರೆ ಅಬ್ಬೇಪಾರಿ, ಅಡ್ನಾಡಿ, ಕಾಂಜಿಪೀಂಜಿ, ಚಿಲ್ಲರೆ, ಪುಟಗೋಸಿ ಎಲ್ಲವೂ ಕಿವಿಗೆ ಬೀಳುತ್ತವೆ. ಥಿಂಗಮಜಿಗ್‌ಗೆ ಸಾಟಿ ಬೇಕಿದ್ದರೆ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಆಸುಪಾಸಿನ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಲ್ಲಿ. ಮೊನ್ನೆ ಅಂಥ ಒಂದು ಅಂಗಡಿಯಲ್ಲಿ ಹಿರಿಯರೊಬ್ಬರು ಹೆಬ್ಬೆರಳು ತೋರುಬೆರಳುಗಳನ್ನು ಉಂಗುರದಂತೆ ಸೇರಿಸಿ, “ಅದೇ ಕಣಪ್ಪ, ನಲ್ಲಿಗೆ ಹಾಕ್ತಾರಲ್ಲ, ಅದರೊಳಗೆ ಇರುತ್ತಲ್ಲ ಅದು” ಎಂದರು. ಅಂಗಡಿಯ ಹುಡುಗ ತಲೆಯೆತ್ತದೆಯೇ ಡಬ್ಬಿಯಿಂದ ವಾಷರ್ ತೆಗೆದುಕೊಟ್ಟ. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬುದು. ಅಕ್ಕನ ಲಂಗ ಹಿಡಿದು ಬಂದ ಪುಟ್ಟ ತಮ್ಮನನ್ನು ದೊಡ್ಡ ಹುಡುಗರು ಆಟಕ್ಕೆ ಸೇರಿಸಿಕೊಳ್ಳುವ ಉಪಾಯವದು. ಅವನು ಎಲ್ಲರೊಡನೆ ಓಡಬಹುದು, ಸಿಕ್ಕಿಬಿದ್ದರೆ ಔಟಿಲ್ಲ. ಲೆಕ್ಕದಿಂದ ಬಿಟ್ಟರೂ ಆಟದಿಂದ ಬಿಡದ ಈ ಅಂತಃಕರಣ ನಾನ್‌ಎಂಟಿಟಿಯಲ್ಲಿ ಎಲ್ಲಿದೆ?

ತಮ್ಮ ಜಿಲ್ಲೆಯದೇ ಇನ್ನೊಂದು ಸಂಗತಿಯನ್ನು ನೆನಪಿಸುತ್ತೇನೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಹೂಡಿದ ಯುದ್ಧ, ಗಂಗರ ಎರಡನೆಯ ಬೂತುಗನ ಪರಾಕ್ರಮ ಎಲ್ಲವೂ ಅದರಲ್ಲಿವೆ. ಆದರೆ ಆ ಕಲ್ಲಿನ ಮೇಲೆ ಕೆತ್ತಿರುವುದು ಹಂದಿಯೊಡನೆ ಸೆಣಸುವ ಒಂದು ನಾಯಿಯನ್ನು. ಯುದ್ಧದಲ್ಲಿ ಮುಂದೆ ನಿಂತು ಕಾದಿದ ಮಣಲೆರನೆಂಬ ವೀರನಿಗೆ ಮೆಚ್ಚಿದ್ದನ್ನು ಕೇಳೆಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಬೆಳತೂರಿನ ಪಡುವಣ ದಿಣ್ಣೆಯಲ್ಲಿ ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಆ ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ಪಾಪವೆಂಬ ಕಟ್ಟಳೆಯೂ ಆಯಿತು. ಹತ್ತನೆಯ ಶತಮಾನದ ಮಂಡ್ಯ ಸೀಮೆಯಲ್ಲಿ ನಾಯಿಗೂ ಹೆಸರಿತ್ತು, ಚಕ್ರವರ್ತಿಯ ಹೆಸರಿನ ಕೆಳಗೆ ಅದೇ ಕಲ್ಲಿನಲ್ಲಿ ಅದಕ್ಕೆ ಜಾಗವೂ ಇತ್ತು.

ಅಂಥ ಸೀಮೆಯ ಪತ್ರಿಕೆಗಳಿಗೆ ಇಂದು ಬರುವ ವರದಿಗಳನ್ನು ತಾವು ನೋಡಬೇಕು. ನಾಲೆಗೆ ನೀರು ಬಿಡುವ ಸಮಾರಂಭವೆಂದರೆ ಬಾಗಿನ ಅರ್ಪಿಸಿದ ಗಣ್ಯರು, ಅವರ ಪಕ್ಕದಲ್ಲಿ ನಿಂತವರು, ನಿಂತವರ ಹೆಗಲ ಮೇಲಿಂದ ಇಣುಕಿದವರು, ಎಲ್ಲರ ಹೆಸರೂ ಪದವಿ ಸಮೇತ ಇರುತ್ತವೆ. ಕೊನೆಗೆ ‘ರೈತರು ಮುಂತಾದವರು ಹಾಜರಿದ್ದರು’ ಎಂಬ ಒಂದು ಸಾಲು. ಗಣ್ಯ ಎಂದರೆ ಎಣಿಕೆಗೆ ಬರುವವನು. ಹಾಗಾದರೆ ಗದ್ದೆಯಲ್ಲಿ ನಿಂತು ನೀರಿಗಾಗಿ ಕಾಯುವವನು ಯಾವ ಎಣಿಕೆಗೆ ಸೇರಿದವನು? ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತೆಂಬುದೂ ವಿಶ್ವೇಶ್ವರಯ್ಯನವರ ಹೆಸರೂ ಪ್ರತಿಯೊಂದು ಮಗುವಿಗೂ ಬಾಯಿಪಾಠ, ಅದು ಸರಿಯೇ. ಆ ಕಟ್ಟೆಗೆ ಸುರ್ಕಿ ಗಾರೆ ಅರೆದವರಲ್ಲಿ, ಕಲ್ಲು ಹೊತ್ತವರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮ ಪಠ್ಯಪುಸ್ತಕಗಳು ಹೇಳಿಕೊಟ್ಟಿವೆಯೇ? ಮೈಸೂರಿನಲ್ಲಿ ಕುಳಿತು ಕುವೆಂಪು ಸಾಮಾನ್ಯನಿಗೆ ‘ಶ್ರೀ’ ಸೇರಿಸಿದರು. ನಾವು ಆ ಶ್ರೀಸಾಮಾನ್ಯನನ್ನು ಭಾಷಣಗಳಿಗೆ ಮೀಸಲಿಟ್ಟು, ಅವನ ಸ್ವಂತ ಹೆಸರನ್ನು ಕೇಳುವುದನ್ನೇ ಬಿಟ್ಟೆವು.

ಇಲ್ಲಿ ತಮ್ಮ ಮೇಲೂ ನನಗೊಂದು ಆಕ್ಷೇಪವಿದೆ. ಮೂರು ಹಾಳೆಗಳ ಪತ್ರದಲ್ಲಿ ತಾವು ಇಂಗ್ಲಿಷಿನ ಪದಗಳನ್ನು ಕಾಗುಣಿತ ತಪ್ಪದೆ ಬರೆದಿದ್ದೀರಿ, ಮೂವರು ಇಂಗ್ಲಿಷ್ ಪ್ರಬಂಧಕಾರರನ್ನು ಹೆಸರಿಸಿದ್ದೀರಿ. ಆದರೆ ತಮ್ಮ ಗದ್ದೆಗೆ ರಾತ್ರಿ ತೂಬೆತ್ತಿ ನೀರು ತಿರುಗಿಸುವವನ ಪ್ರಸ್ತಾಪ ಬಂದಲ್ಲಿ ‘ಯಾರೋ ಒಬ್ಬ ನೀರುಗಂಟಿ’ ಎಂದು ಬರೆದು ಮುಂದೆ ಹೋಗಿದ್ದೀರಿ. ಇಷ್ಟು ಚೆನ್ನಾಗಿ ಬರೆಯಬಲ್ಲವರಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಆದ್ದರಿಂದ ಪದಪಟ್ಟಿಯನ್ನು ಪ್ರಕಟಿಸುವ ಯೋಚನೆ ನನಗಿಲ್ಲ. ‘ಮುಂತಾದವರು’ ಎಂದು ಮುಗಿಯುವ ವರದಿಗಳನ್ನು ಬರುವ ಸಂಚಿಕೆಯಿಂದ ಸ್ವೀಕರಿಸುವುದಿಲ್ಲವೆಂದು ನಮ್ಮ ಬಾತ್ಮೀದಾರರಿಗೆ ತಿಳಿಸಿದ್ದೇನೆ. ಅವರಲ್ಲಿ ಕೆಲವರು ಈಗಾಗಲೇ ಮುನಿಸಿಕೊಂಡಿದ್ದಾರೆ. ತಾವು ದಯವಿಟ್ಟು ಆ ನೀರುಗಂಟಿಯನ್ನು ಮಾತನಾಡಿಸಿ, ಅವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ಎಷ್ಟು ಎಕರೆಗೆ ನೀರು ಹಂಚುತ್ತಾರೆ, ಜಗಳವಾದಾಗ ಹೇಗೆ ಬಗೆಹರಿಸುತ್ತಾರೆ ಎಂಬುದನ್ನೆಲ್ಲ ಬರೆದು ಕಳುಹಿಸಬೇಕು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ. ತಮ್ಮ ಅಕ್ಷರ ದುಂಡಗಿದೆಯಾದರೂ ಶಾಯಿ ಹಿಂದಕ್ಕೆ ಹಾಯುತ್ತದೆ.

— ಸಂಪಾದಕ