ಆ ಕಾಗೆಗಳನ್ನು ಮುಚ್ಚಿ ನೋಡಿ

ಡಚ್ ಚಿತ್ರಕಾರ ವ್ಯಾನ್ ಗಾಗ್‌ನ ‘ಕಾಗೆಗಳಿರುವ ಗೋಧಿ ಹೊಲ’ ಎಂಬ ಚಿತ್ರದ ಬಗ್ಗೆ ನೀವು ಬರೆದದ್ದನ್ನು ಓದಿದೆ. ಕಾಗೆ ಎಂದರೆ ಸಾವು, ಇದು ಅವನ ಕೊನೆಯ ಚಿತ್ರ, ಹಾಗಾಗಿ ಇಡೀ ಚಿತ್ರವೇ ಬೀಳ್ಕೊಡುಗೆ ಎಂದಿದ್ದೀರಿ. ನಾನೂ ಹೀಗೆ ಓದುತ್ತಿದ್ದವನೇ, ಅದಕ್ಕೇ ಸುಮ್ಮನಿರಲು ಆಗಲಿಲ್ಲ. ಅದು ಕೊನೆಯ ಚಿತ್ರವೇ ಅಲ್ಲ. 1890ರ ಜುಲೈನಲ್ಲಿ ಅದರ ನಂತರವೂ ಅವನು ಚಿತ್ರ ಬರೆದಿದ್ದಾನೆ. ಕೊನೆಯದೆಂದು ತಜ್ಞರು ಈಗ ತೋರಿಸುವುದು ‘ಮರದ ಬೇರುಗಳು’ ಚಿತ್ರವನ್ನು.

ಚರಿತ್ರೆ ಬದಿಗಿರಲಿ. ಭಾವ ಎಲ್ಲಿಂದ ಬರುತ್ತಿದೆ ಅನ್ನಿಸುತ್ತದೋ ಆ ಭಾಗವನ್ನು ಒಂದು ಕಾಗದದ ಚೂರಿನಿಂದ ಮುಚ್ಚಿ. ಕಾಗೆಗಳನ್ನು ಮುಚ್ಚಿದರೂ ಕಳವಳ ಹೋಗುವುದಿಲ್ಲ. ಈಗ ನಡುವಿನ ದಾರಿಯನ್ನು ಮುಚ್ಚಿ. ಹೊಲ ಒಮ್ಮೆಗೇ ಶಾಂತವಾಗುತ್ತದೆ! ಹಸಿರು ಅಂಚಿನ ಆ ಕೆಂಗಂದು ದಾರಿ ಕಣ್ಣನ್ನು ಒಳಗೆ ಕರೆದು, ಬಾಗಿ, ಪೈರಿನಲ್ಲಿ ಕಳೆದುಹೋಗುತ್ತದೆ. ತಳಮಳದ ಮೂಲ ಅಲ್ಲಿದೆ, ಹಕ್ಕಿಗಳಲ್ಲಿಲ್ಲ. ಇನ್ನೊಂದು ಮಾತು: ಆ ದಿನಗಳ ಗೋಧಿ ಹೊಲದ ಚಿತ್ರಗಳ ಬಗ್ಗೆ ತನ್ನ ತಮ್ಮ ಥಿಯೋಗೆ ಬರೆದ ಪತ್ರದಲ್ಲಿ ಅವನು ದುಃಖ, ಅತೀವ ಒಂಟಿತನ ಎನ್ನುತ್ತಾನೆ, ಅದೇ ಉಸಿರಿನಲ್ಲಿ, ಹಳ್ಳಿಗಾಡು ಆರೋಗ್ಯ, ಬಲ ಕೊಡುವಂಥದ್ದು ಎಂದೂ ಹೇಳುತ್ತಾನೆ. ಎಲ್ಲರೂ ಮೊದಲರ್ಧವನ್ನು ಮಾತ್ರ ಎತ್ತಿಕೊಳ್ಳುತ್ತಾರೆ.

ಮೊಬೈಲಿನಲ್ಲಿ ಚಿತ್ರವನ್ನು ಕಪ್ಪುಬಿಳುಪು ಮಾಡಿ ನೋಡುವುದೂ ಒಳ್ಳೆಯದು. ನೆರಳುಬೆಳಕಿನ ಭಾರ ಎತ್ತ ವಾಲಿದೆ ಎಂದು ತಿಳಿಯುತ್ತದೆ. ಆದರೆ ಎಲ್ಲದಕ್ಕೂ ಇದೇ ಮದ್ದಲ್ಲ. ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ‘ಇಂಪ್ರೆಷನ್, ಸೂರ್ಯೋದಯ’ವನ್ನು (1872) ಹಾಗೆ ಮಾಡಿದರೆ ಸೂರ್ಯನೇ ಹೆಚ್ಚುಕಡಿಮೆ ಮಾಯ! ಸುತ್ತಲಿನ ಆಕಾಶದಷ್ಟೇ ಹೊಳಪು ಅವನಿಗೂ ಇದೆ. ಅಲ್ಲಿ ಕೆಲಸ ಮಾಡುವುದು ಬಣ್ಣ ಮಾತ್ರ.

ದಯವಿಟ್ಟು ಆ ‘ನೀಲಿ ಎಂದರೆ ವಿಷಾದ, ಹಳದಿ ಎಂದರೆ ಸಂತೋಷ’ ಎಂಬ ಪಟ್ಟಿಗಳನ್ನು ಇಲ್ಲಿ ಹಂಚಬೇಡಿ. ಎಷ್ಟು ಸಲ ಹೇಳುವುದು? ಅದೂ ಹಳೆಯ ಚಿತ್ರಗಳಲ್ಲಿ ಬಣ್ಣವೇ ಬದಲಾಗಿರುತ್ತದೆ. ವ್ಯಾನ್ ಗಾಗ್ ಬಳಸಿದ ಕ್ರೋಮ್ ಹಳದಿ ಕಂದಾಗುತ್ತದೆ, ಕೆಲವು ಕೆಂಪುಗಳು ಮಾಸುತ್ತವೆ. ಕಂಡ ಕಂಡಲ್ಲಿಂದ ಇಳಿಸಿಕೊಂಡ, ಯಾರೋ ಬಣ್ಣ ಏರಿಸಿದ ಪ್ರತಿಯನ್ನು ಇಟ್ಟುಕೊಂಡು ಭಾವದ ಚರ್ಚೆ ಮಾಡಬೇಡಿ. ವಸ್ತುಸಂಗ್ರಹಾಲಯದ ಜಾಲತಾಣ ಉತ್ತಮ, ಗೂಗಲ್ ಆರ್ಟ್ಸ್ ಆ್ಯಂಡ್ ಕಲ್ಚರ್ ಪರವಾಗಿಲ್ಲ.

ಅಳತೆಯನ್ನೂ ಗಮನಿಸಿ. ‘ಕಾಗೆಗಳಿರುವ ಗೋಧಿ ಹೊಲ’ದ ಅಗಲ 103 ಸೆಂ.ಮೀ., ಎತ್ತರ ಸುಮಾರು 50. ಬದಿ ಕತ್ತರಿಸಿದ ಪ್ರತಿಯಲ್ಲಿ ಅಕ್ಕಪಕ್ಕದ ಎರಡು ದಾರಿಗಳೂ ಹಾರಿಹೋಗಿರುತ್ತವೆ. ನೀವು ಹಾಕಿರುವುದೂ ಅಂಥದ್ದೇ, ಪೂರ್ತಿ ಚಿತ್ರ ಹಾಕಿ.